ಅಂಗಿಯಿಲ್ಲದ ಪ್ಲೇಟು

ನೆಲ ಮೈ ಕೊಡವಿದ್ದು ಇಪ್ಪತ್ತು ಸೆಕೆಂಡು,
ಒಂದು ಬ್ಲೂಸಿನ ಮೊದಲ ಸುತ್ತಿಗೂ ಸಾಲದು.
ಅಷ್ಟರಲ್ಲಿ ಕೋಬೆಯ ನಾಗಾತಾ ಕೇರಿಯ ಓಣಿಯೊಳಗೆ
ಶಿಜುಯೊ ಕುವಾಬಾರ ಅವರ ಜಾಸ್ ಕಾಫಿ ಅಂಗಡಿಯಲ್ಲಿ
ನಾಲ್ಕು ಸಾವಿರ ಪ್ಲೇಟು ಕಪಾಟಿನಿಂದ ಧುಮುಕಿದವು.
ಮೇಲೆ ನೀರಿನ ಕೊಳವೆ ಒಡೆಯಿತು.

ನೆನೆದ ಅಂಗಿ ಮೈಗಂಟುವ ಮೊದಲು ಬಿಚ್ಚಿ, ಎಂದರು ಆಕೆ,
ಮಕ್ಕಳನ್ನು ಕಾಲುವೆಯಿಂದ ಎಳೆದು ತಂದವರ ದನಿಯಲ್ಲಿ.
ಬಿಚ್ಚಿದೆವು. ಯಾವ ಅಂಗಿ ಯಾರದೆಂದು ಆಗ ನೋಡಿದವರಾರು?
ನನ್ನ ಬೂಟಿನ ಕಾರ್ಖಾನೆ ಅಷ್ಟರಲ್ಲಿ ಬೂದಿ.
ಅಟ್ಟೆ ಕತ್ತರಿಸುವ ಕೈಗೆ ಬೇರೆ ಕೆಲಸವಿರಲಿಲ್ಲ.

ಲೇಬಲ್ ಓದಿ ಜೋಡಿಸಿದರಾಯಿತು, ಎಂದೆ, ತಿಳಿಯದವನು.
ಆಕೆ ನಗಲಿಲ್ಲ. ಒಂದೇ ಆಲ್ಬಮ್ಮು ಐದು ಸಲ ಕೊಂಡಿದ್ದರು:
ನ್ಯೂಯಾರ್ಕಿನ ಮೊದಲ ಅಚ್ಚು, ಅದರ ಮರು ಅಚ್ಚು,
ಟೋಕಿಯೊದ್ದು, ಜರ್ಮನಿಯದ್ದು, ಇನ್ನೊಂದು
ಬೆನ್ನ ಮೇಲೆ ಪಿಯಾನೊದವನ ಹೆಸರು ತಪ್ಪಿದೆಯೆಂಬುದಕ್ಕೇ.
“ಐದರ ಮುಖವೂ ಒಂದೇ, ಹುಟ್ಟು ಬೇರೆ.”

ಸಂಗೀತ ಮುಗಿದ ಮೇಲೆ, ಲೇಬಲ್ಲಿಗೆ ಮುಂಚೆ,
ಜಾಡಿಲ್ಲದ ಒಂದು ಕಪ್ಪು ಬಳೆ ಉಳಿಯುತ್ತದೆ.
ಅಲ್ಲಿ ಯಾರೋ ಮೊಳೆಯಲ್ಲಿ ಗೀಚಿದಂಥ ಅಂಕಿ.
ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟು ನಾನು ಓದುವೆ,
ಆಕೆ ಖಾತೆ ಪುಸ್ತಕದಲ್ಲಿ ಬೆರಳು ಓಡಿಸುವರು.
ಇಪ್ಪತ್ತೊಂದು ಪುಸ್ತಕ, ಅಕ್ಕಿ ಅಂಗಡಿಯ ಲೆಕ್ಕದಂಥವು:
ತಾರೀಖು, ಊರು, ಸ್ಟುಡಿಯೊ, ಎಷ್ಟನೆಯ ಟೇಕು,
ತುತ್ತೂರಿ ಯಾರು, ಡ್ರಮ್ಸ್ ಯಾರು. ತಿಳಿಯದ ಕಡೆ
ಪೆನ್ಸಿಲಿನಲ್ಲಿ, ಮುಂದೆಂದಾದರೂ ಅಳಿಸಲು ಬರಲೆಂದು:
ಗೊತ್ತಿಲ್ಲ.

ಹದಿನಾಲ್ಕು ತಿಂಗಳು, ನೀಲಿ ಟಾರ್ಪಾಲಿನ ಕೆಳಗೆ.
ಎಲಿಷಾ ಪ್ರುವಿಟ್ ಎಂಬ ಟ್ರೊಂಬೋನಿನವನ
ಹತ್ತು ಪ್ಲೇಟಿನ ಪೆಟ್ಟಿಗೆಗೆ ಒಂಬತ್ತು ಬೇಗ ಸಿಕ್ಕವು;
ಏಳನೆಯದು ಸಿಕ್ಕಿದ್ದು ಜೂನಿನಲ್ಲಿ,
ಒಲೆಯ ಹಿಂದೆ, ಊಟದ ತಟ್ಟೆಗಳ ನಡುವೆ, ತಾನೂ ತಟ್ಟೆಯೆಂಬಂತೆ.

ಕೊನೆಗೆ ಒಂದು ಮಿಕ್ಕಿತು.
ಅಂಗಿಯಿಲ್ಲ, ಲೇಬಲ್ ತೊಳೆದುಹೋಗಿದೆ,
ಬಳೆಯ ಅಂಕಿ ಯಾವ ಪುಸ್ತಕದಲ್ಲೂ ಇಲ್ಲ.
ಹಾಕಿದೆವು: ಎಲೆಕ್ಟ್ರಿಕ್ ಪಿಯಾನೊ, ಅವಸರದ ಗಿಟಾರು,
ಏಳು ಮಾತ್ರೆಯಲ್ಲಿ ಎಡವುತ್ತ ಏಳುತ್ತ ನಡೆವ ಬಾಸು.
“ಫ್ಯೂಷನ್,” ಎಂದರು. “ನಾನು ಕೊಂಡದ್ದಲ್ಲ.”
ಯಾರಾದರೂ ಕಂಕುಳಲ್ಲಿ ತಂದು ಮರೆತದ್ದೋ,
ಮೇಲಿನ ಮಹಡಿಯಿಂದ ಬಿದ್ದದ್ದೋ.
ಗೋಂದು ಮಾರುವ ನಿಶಿವಾಕಿ ಇಂಥವನ್ನು ತರುತ್ತಿದ್ದ,
ಕೇಳೋಣವೆಂದರೆ ಅವನಿಲ್ಲ, ಅವನ ಓಣಿಯೂ ಇಲ್ಲ.
ಅಟ್ಟೆಯ ರಟ್ಟಿನಿಂದ ನಾನೇ ಅದಕ್ಕೊಂದು ಅಂಗಿ ಹೊಲಿದೆ.
ಪ್ರತಿ ಮಂಗಳವಾರ ಅದರ ಪಾಳಿ,
ಬಂದವರಲ್ಲಿ ಯಾರಾದರೂ ಗುರುತು ಹಿಡಿದಾರೆಂದು.

ಕಳೆದ ವರ್ಷ ಅಂಚೆಯಲ್ಲಿ ಪ್ರುವಿಟ್ಟನ ಹೊಸ ಪೆಟ್ಟಿಗೆ ಬಂತು.
ಹದಿನೆಂಟು ಸೀಡಿ, ಇಟ್ಟಿಗೆಯಂಥ ಪುಸ್ತಕ,
ಕೆಟ್ಟ ಟೇಕು, ಅರ್ಧಕ್ಕೆ ನಿಂತ ಟೇಕು, ಕೆಮ್ಮು, ಬೈಗುಳ ಸಹಿತ.
ನಮ್ಮ ಹಳೆಯ ಮೂರನೆಯ ಪ್ಲೇಟಿನ ಎರಡನೆಯ ಮೈಯಲ್ಲಿ
ಮುಳ್ಳು ನೆಗೆಯುವ ಒಂದು ಗೀರಿದೆ,
ಎಂದೋ ಕುಡಿದ ನಾವಿಕನೊಬ್ಬ ಮೇಜಿಗೆ ಒರಗಿದ್ದರಿಂದ.
ಇಷ್ಟು ವರ್ಷ ಆ ನೆಗೆತಕ್ಕೇ ತಲೆದೂಗಿದವರು ನಾವು.
ಸೀಡಿಯಲ್ಲಿ ನೆಗೆತವಿಲ್ಲ.
ಕಾಫಿ ಬಟ್ಟಲು ಎತ್ತಿದ ಕೈಗಳು ಅಲ್ಲೇ ತಡೆದವು.
ಎರಡು ಸೆಕೆಂಡು ಹೆಚ್ಚಿಗೆ ಇತ್ತು.
ಅದರೊಳಗೆ ಅಂಥದ್ದೇನಿಲ್ಲ: ಪ್ರುವಿಟ್ ಉಸಿರೆಳೆದುಕೊಂಡ.

ಶಿಜುಯೊ ಅವರಿಗೆ ಈಗ ಎಂಬತ್ತಮೂರು. ಮತ್ತೊಮ್ಮೆ ಹಾಕಿಸಿದರು.
ಹದಿಮೂರನೆಯ ಪುಸ್ತಕ ತೆಗೆದು, ಅಂಚಿನಲ್ಲಿ ಬರೆದರು:
ಉಸಿರು, ಒಂದು.
ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ.
ಕನ್ನಡಕ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ,
“ಇವತ್ತು ಮಂಗಳವಾರ, ಅಲ್ಲವೆ?”
ರಟ್ಟಿನ ಅಂಗಿಯದನ್ನು ಕೊಡು ಎಂದು ಕೈ ಚಾಚಿದರು.